ಒಂದೇ ರಿಂಗ್

5 ಫೆಬ್ರವರಿ 2007, ಸೋಮವಾರ. ಮಧ್ಯಾಹ್ನ

ಮತ್ತೆ ಬಿತ್ತು. ಒಂದು ವಾರದಲ್ಲಿ ಮೂರನೇ ಸಲ. ಮಗಳು ದಿವ್ಯಾ ಈ ಸಲ ನೇರವಾಗಿ ಮಗ್ಗದ ಗುಂಡಿಗೇ ಬಿಟ್ಟಳು, ನನ್ನ ಕಾಲ ಹತ್ತಿರ. ಬ್ಯಾಟರಿ ಒಂದು ಕಡೆ, ಹಿಂದಿನ ಮುಚ್ಚಳ ಒಂದು ಕಡೆ. ಜೋಡಿಸಿ ಆನ್ ಮಾಡಿದೆ. ಲೈಟು ಬಂತು. ಟಾರ್ಚೂ ಉರಿಯುತ್ತೆ. ಅದೇನು ಹಾಕಿ ಮಾಡಿದ್ದಾರೋ ಈ ಸೆಟ್ಟನ್ನ.

ಇವರು ಊಟಕ್ಕೆ ಬಂದವರು ನೋಡಿಬಿಟ್ಟರು. "ನಾಕು ವರ್ಷದ ಕೂಸಿನ ಕೈಗೆ ಮೊಬೈಲ್ ಕೊಡ್ತಾರೇನೇ? ಒಡೆದ್ರೆ?"

"ರೇಷ್ಮೆ ಎಳೆ ಕಿತ್ರೆ?" ಅಂದೆ.

ಊಟಕ್ಕೆ ಕೂತರು. ಮೊನ್ನೆ ಮಗ್ಗಕ್ಕೆ ಕೈ ಹಾಕಿ ಹದಿನೈದು ಎಳೆ ಹರಿದಿದ್ದಳು. ಗಂಟು ಹಾಕಿ ಹಾಕಿ ನನ್ನ ಕಣ್ಣು ಹೋಯಿತು. ಮೊಬೈಲ್ ಕೊಟ್ಟರೆ ಚಾಪೆ ಬಿಟ್ಟು ಏಳಲ್ಲ. ನನಗೆ ಬೇಕಾಗಿರೋದು ಅಷ್ಟೇ.

9 ಫೆಬ್ರವರಿ, ಶುಕ್ರವಾರ

ಇವತ್ತು ನೀರಿನ ಬಕೆಟ್ಟಿಗೆ. ಸತ್ತೇ ಹೋಯಿತು ಅಂದುಕೊಂಡೆ. ಅತ್ತೆ ಅದನ್ನ ಸೆರಗಿನಲ್ಲಿ ಒರೆಸಿ ಬಿಸಿಲಿಗೆ ಇಟ್ಟರು, ಹಪ್ಪಳ ಒಣಹಾಕಿದ ಹಾಗೆ. ಕಾಗೆ ಬರುತ್ತೆ ಅಂತ ಕೋಲು ಹಿಡಿದು ಪಕ್ಕದಲ್ಲೇ ಕೂತಿದ್ದರು! ಸಂಜೆಗೆ ಆನ್ ಆಯಿತು. "ಗಟ್ಟಿ ಪಿಂಡ" ಅಂದರು ಅತ್ತೆ. ದಿವ್ಯಾಗೆ ಹೇಳಿದ್ದೋ ಮೊಬೈಲಿಗೆ ಹೇಳಿದ್ದೋ ಗೊತ್ತಾಗಲಿಲ್ಲ. ನಗು ಬಂತು.

14 ಫೆಬ್ರವರಿ, ಬುಧವಾರ. ಬೆಳಿಗ್ಗೆ 10

ದಿವ್ಯಾ ಮಿಸ್ಡ್ ಕಾಲ್ ಕಲಿತಳು.

ಚಳ್ಳಕೆರೆಯಿಂದ ಅವ್ವ ದಿನಾ ಒಂಬತ್ತಕ್ಕೆ ಒಂದು ರಿಂಗ್ ಕೊಡ್ತಾಳೆ. ಎದ್ದೆ, ಕಾಫಿ ಕುಡಿದೆ, ಚೆನ್ನಾಗಿದ್ದೀನಿ ಅಂತ ಅದರ ಅರ್ಥ. ನಾನು ಕಟ್ ಮಾಡಿ ವಾಪಸ್ ಒಂದು ರಿಂಗ್ ಕೊಟ್ಟರೆ ನಾವೂ ಚೆನ್ನಾಗಿದ್ದೀವಿ ಅಂತ. ಎತ್ತಿದರೆ ದುಡ್ಡು ಹೋಗುತ್ತೆ. ಇಡೀ ಮೊಳಕಾಲ್ಮೂರೇ ಹೀಗೆ ಮಾತಾಡುತ್ತೆ. ಇವರು ಸೀರೆ ಕೊಡೋಕೆ ಬಳ್ಳಾರಿಗೆ ಹೋದರೂ ಅಷ್ಟೇ — ಒಂದು ರಿಂಗ್ ಅಂದರೆ ತಲುಪಿದೆ, ಎರಡು ಅಂದರೆ ಊಟಕ್ಕೆ ಬರ್ತೀನಿ. ನಿಜವಾಗಿ ಮಾತಾಡೋದಿದ್ದರೆ ಅಣ್ಣ ಸಂಜೆ ಮಿಲ್‌ನಿಂದ ಬಂದ ಮೇಲೆ ಮಾಡ್ತಾನೆ.

ಆದರೆ ಒಂಬತ್ತಕ್ಕೆ ನಾನು ಗುಂಡಿಯಲ್ಲಿ. ಕೈಯಲ್ಲಿ ಲಾಳಿ. ಪ್ರತಿ ಸಲ ಬಿಟ್ಟು ಏಳೋದು ಯಾರು? ದಿವ್ಯಾಗೆ ಹೇಳಿಕೊಟ್ಟೆ. ರಿಂಗ್ ಆದ ಕೂಡಲೇ ಕೆಂಪು ಒತ್ತು. ಆಮೇಲೆ ಎರಡು ಒತ್ತಿ ಹಿಡಿ, ಅಜ್ಜಿಗೆ ಹೋಗುತ್ತೆ. ಕಿವಿಗಿಟ್ಟುಕೋ. ಒಂದೇ ರಿಂಗ್, ಮತ್ತೆ ಕೆಂಪು. ಎರಡೇ ದಿನಕ್ಕೆ ಕಲಿತಳು. ಮುಚ್ಚಿಡೋದೇನು, ಹೆಮ್ಮೆ ಆಯಿತು. ಅಣ್ಣ ಅವ್ವನಿಗೆ ಕಲಿಸೋಕೆ ಒಂದು ತಿಂಗಳು ತಗೊಂಡಿದ್ದ. ಅವ್ವನಿಗೆ ಅಂಕಿ ಬರಲ್ಲ, ಎರಡರ ಬಟನ್ ಮೇಲೆ ಸ್ಟಿಕ್ಕರ್ ಬೊಟ್ಟು ಅಂಟಿಸಿ, ಇದನ್ನ ಒತ್ತಿ ಹಿಡಿದ್ರೆ ವನಜಾ ಅಂತ ಹೇಳಿಕೊಟ್ಟಿದ್ದಾನೆ. ಅವಳಿಗೆ ಬರೋದು ಅದೊಂದೇ ನಂಬರು.

22 ಫೆಬ್ರವರಿ, ಗುರುವಾರ. ಮಧ್ಯಾಹ್ನ 1

ಸೆರಗು ಮುಗಿಯುತ್ತಾ ಬಂತು. ಇವತ್ತು ಅಜ್ಜಿ ಮೊಮ್ಮಗಳಿಗೆ ಆಟವೋ ಆಟ. ರಿಂಗ್, ಕಟ್. ರಿಂಗ್, ಕಟ್. ಅವ್ವ ಒಂಬತ್ತರದ್ದು ಕೊಟ್ಟು ಸುಮ್ಮನಾದಳು ಅಂದುಕೊಂಡರೆ ಹತ್ತರ ಮೇಲೆ ಮತ್ತೆ ಶುರು. ಅತ್ತಿಗೆ ರೇಣುಕಮ್ಮ ತವರಿಗೆ, ದೊಡ್ಡಉಳ್ಳಾರ್ತಿಗೆ ಹೋಗಿದ್ದಾಳೆ. ಅವ್ವನಿಗೆ ಒಬ್ಬಳೇ ಬೇಜಾರು, ಪಾಪ. ದಿವ್ಯಾನೂ ಬಿಡಲಿಲ್ಲ, ಹೆಚ್ಚುಕಮ್ಮಿ ಪ್ರತಿಯೊಂದಕ್ಕೂ ವಾಪಸ್ ಕೊಟ್ಟಳು. ಅತ್ತೆ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ನಗುತ್ತಿದ್ದರು — "ಮೀ ಅಮ್ಮಗಿಂತ ಮೊಮ್ಮಗಳೇ ಜೋರು" ಅಂತ. ಅತ್ತೆಗೆ ಖುಷಿ ಆದರೆ ಅರ್ಧ ತೆಲುಗು, ನಿಮ್ಮ ಹೋಗಿ ಮೀ ಆಗುತ್ತೆ.

ಎದ್ದು ಒಂದು ಮಾತು ಆಡೋಣ ಅನ್ನಿಸಿತು. ಹೂವಿನ ಬುಟ್ಟಾ ಅರ್ಧದಲ್ಲಿತ್ತು. ಸಂಜೆ ಹೇಗೂ ಅಣ್ಣ ಮಾಡ್ತಾನಲ್ಲ.

ಅದೇ ದಿನ, 4.20

ಪಕ್ಕದ ಮನೆ ದೊಡ್ಡೀರಪ್ಪ ಬಂದಿದ್ದರು. ಅವರ ಲ್ಯಾಂಡ್‌ಲೈನಿಗೆ ಅಣ್ಣ ಮಾಡಿದ್ದನಂತೆ. "ನಿಮ್ಮ ಮೊಬೈಲಿಗೆ ಹೊಡೆದೂ ಹೊಡೆದೂ ಸಾಕಾತಂತವ್ವ, ಕಟ್ ಆಗ್ತೈತಂತೆ" ಅಂದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಯಾವತ್ತೂ ಬಂದವರಲ್ಲ.

ಐದರ ಬಸ್ಸು.

25 ಫೆಬ್ರವರಿ, ಭಾನುವಾರ. ಚಳ್ಳಕೆರೆ

ಅವ್ವನ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದೆವು.

ಅಣ್ಣ ಎರಡೂವರೆಗೆ ಊಟಕ್ಕೆ ಬಂದಾಗ ಅವ್ವ ಅಡಿಗೆಮನೆ ಹೊಸಿಲ ಹತ್ತಿರ ಇದ್ದಳಂತೆ. ಕೈಯಲ್ಲಿ ಮೊಬೈಲ್. ಉಸಿರು ಇತ್ತು. ಆಟೋದಲ್ಲಿ ಹೋಗುವಾಗ ನಿಂತಿತು. ಡಾಕ್ಟರು, ನೋವು ಎಷ್ಟು ಹೊತ್ತಿಗೆ ಶುರುವಾಯಿತು ಅಂತ ಕೇಳಿದರಂತೆ. ಯಾರಿಗೂ ಗೊತ್ತಿರಲಿಲ್ಲ.

ಇವತ್ತು ಗೊತ್ತಾಯಿತು. ಅಣ್ಣ ಅವ್ವನ ಮೊಬೈಲ್ ತೆಗೆದು ನೋಡುತ್ತಾ ಕೂತಿದ್ದ. ಎಲ್ಲರೂ ಇದ್ದರು — ಇವರು, ಅತ್ತೆ, ಅತ್ತಿಗೆ, ಚಿಕ್ಕಪ್ಪ ಬೊಮ್ಮಣ್ಣ.

"ವನಜಾ, ಅವ್ವ ನಿನಗೆ ಹನ್ನೊಂದು ಸಲ ಹೊಡೆದಾಳೆ. ಹತ್ತೂ ಐದರಿಂದ ಹನ್ನೊಂದೂ ಇಪ್ಪತ್ತರ ತನಕ."

ನಾನು ದಿವ್ಯಾ ಕಡೆ ನೋಡಿದೆ.

"ನೀನು ಎತ್ತಿಲ್ಲ. ಮ್ಯಾಲೆ ಒಂಬತ್ತು ಸಲ ಮಿಸ್ಡ್ ಕಾಲ್ ಕೊಟ್ಟೀಯ. ಇದೇನು ತಂಗೆಮ್ಮ? ನನಗೆ ಅರ್ಥ ಆಗವಲ್ದು."

ಅತ್ತೆ ಬಾಯಿ ತೆರೆದರು. ದಿವ್ಯಾ ಅವರ ತೊಡೆ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ನಾನು ಅತ್ತೆಗಿಂತ ಮುಂಚೆ ಹೇಳಿಬಿಟ್ಟೆ.

"ನಾನೇ ಕಟ್ ಮಾಡಿದ್ದು ಅಣ್ಣ. ಸುಮ್ನೆ ಆಟ ಆಡ್ತಾಳೆ ಅಂದ್ಕೊಂಡೆ. ಕೈಯಾಗೆ ಕೆಲಸ ಇತ್ತು."

ಅಣ್ಣ ನನ್ನ ಮುಖ ನೋಡಲಿಲ್ಲ. ಮೊಬೈಲ್ ಆಫ್ ಮಾಡಲೂ ಇಲ್ಲ. ಗೂಡಿನಲ್ಲಿಟ್ಟು ಹೊರಗೆ ಹೋದ. ಬೊಮ್ಮಣ್ಣ ಚಿಕ್ಕಪ್ಪ, "ಹೆತ್ತವ್ವಗಿಂತ ಸೀರೆ ಹೆಚ್ಚಾತೇನಮ್ಮ?" ಅಂದರು. ಹೌದು ಅಂತ ತಲೆ ಆಡಿಸಿದೆ ಅನ್ನಿಸುತ್ತೆ.

ಅನ್ನಲಿ. ನನ್ನನ್ನಾದರೆ ಅಂದುಕೊಳ್ಳಲಿ. ದಿವ್ಯಾ ಹೆಸರು ಒಂದು ಸಲ ಇವರೆಲ್ಲರ ಬಾಯಿಗೆ ಬಿದ್ದರೆ ಮುಗಿಯಿತು. ದೊಡ್ಡವಳಾಗಿ ಮದುವೆ ಆಗಿ ಹೋದ ಮನೆಗೂ ಬರುತ್ತೆ ಆ ಮಾತು.

8 ಮಾರ್ಚ್, ಗುರುವಾರ

ಹನ್ನೊಂದನೇ ದಿನದ್ದು ಮುಗಿಸಿ ಬಂದು ನಾಕು ದಿನ. ಅಣ್ಣ ಹೊರಡುವಾಗ ಹೋಗಿ ಬಾ ಅನ್ನಲಿಲ್ಲ. ಅತ್ತಿಗೆ ಮಾತ್ರ ಕುಂಕುಮ ಕೊಟ್ಟಳು.

ಅಳು ಬಂದಿಲ್ಲ. ನೇಯ್ದೆ. ಊಟ ಮಾಡಿದೆ. ಉಪ್ಪು ಹಾಕಿದ್ದೆನೋ ಇಲ್ಲವೋ ಯಾರೂ ಏನೂ ಅನ್ನಲಿಲ್ಲ.

9 ಮಾರ್ಚ್

ನೇಯ್ದೆ.

12 ಮಾರ್ಚ್, ಸೋಮವಾರ. ಬೆಳಿಗ್ಗೆ

ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಅವ್ವ ಮಾಡಿದಾಗ ಇಲ್ಲಿ ಕಟ್. ಆಮೇಲೆ ಅವ್ವನ ಮೊಬೈಲ್ ರಿಂಗ್ ಆಗಿದೆ. ವನಜಾ ಮಾಡಿದಳು ಅಂತ ಎತ್ತೋಕೆ ಹೋಗಿರುತ್ತಾಳೆ. ಎತ್ತುವಷ್ಟರಲ್ಲಿ ನಿಂತಿರುತ್ತೆ. ಒಂದೇ ರಿಂಗ್ ಅಂತ ನಾನೇ ಕಲಿಸಿದ್ದು. ಒಂಬತ್ತು ಸಲ.

ತಲುಪಿದ್ದಕ್ಕೆ ಎಷ್ಟು ರಿಂಗ್, ಊಟಕ್ಕೆ ಎಷ್ಟು, ಚೆನ್ನಾಗಿದ್ದರೆ ಎಷ್ಟು, ಎಲ್ಲ ಮಾತಾಗಿತ್ತು. ಕಷ್ಟಕ್ಕೆ ಎಷ್ಟು ಅಂತ ನಾವು ಮಾತಾಡಿಕೊಂಡೇ ಇರಲಿಲ್ಲ.

ಮಗು ಮೊಬೈಲ್ ಒಡೆಯುತ್ತೆ ಅಂತ ಮಾತ್ರ ಎಲ್ಲರಿಗೂ ಹೆದರಿಕೆ ಇತ್ತು. ಇವರಿಗೆ, ಅತ್ತೆಗೆ, ನನಗೂ.

21 ಮಾರ್ಚ್, ಬುಧವಾರ

ಯುಗಾದಿ ಮಾಡಲಿಲ್ಲ. ಮೊಬೈಲ್ ಅಟ್ಟದ ಮೇಲೆ ಇಟ್ಟಿದ್ದೆ. ದಿವ್ಯಾ ಎರಡು ದಿನ ಅತ್ತಳು, ಮೂರನೇ ದಿನ ಮಗ್ಗದ ಹತ್ತಿರ ಬಂದಳು. ಬೈಯೋಕೂ ಶಕ್ತಿ ಇಲ್ಲ. ಇಳಿಸಿ ಕೊಟ್ಟೆ.

ಕೊಟ್ಟ ಮೇಲೆ ನೋಡಲಾಗಲಿಲ್ಲ. ಕಿತ್ತುಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯೋ ಕಲ್ಲಿಗೆ ಎಸೆದೆ. ಒಡೆಯಲಿ ಅಂತಲೇ ಎಸೆದೆ. ಮುಚ್ಚಳ ಹಾರಿತು, ಬ್ಯಾಟರಿ ತುಳಸಿ ಗಿಡದ ಬುಡಕ್ಕೆ ಹೋಯಿತು. ದಿವ್ಯಾ ಹಿಂದೆಯೇ ಬಂದಿದ್ದಳು. ಒಂದೊಂದಾಗಿ ಹೆಕ್ಕಿ, ಲಂಗದಲ್ಲಿ ಮಣ್ಣು ಒರೆಸಿ, ತಾನೇ ಜೋಡಿಸಿದಳು. ಎಲ್ಲಿ ಕಲಿತಳೋ. ಆನ್ ಮಾಡಿ ನನಗೆ ತೋರಿಸಿದಳು.

"ಅವ್ವಾ, ಅಳಬ್ಯಾಡ. ಏನೂ ಆಗಿಲ್ಲ."

ಅಳುತ್ತಿದ್ದೀನಿ ಅಂತ ಆಗಲೇ ಗೊತ್ತಾಗಿದ್ದು.

2 ಏಪ್ರಿಲ್, ಸೋಮವಾರ

ಅತ್ತೆ ಇವತ್ತು ಬಾಯಿ ಬಿಟ್ಟರು. ಕಂಡಿಕೆ ಸುತ್ತುತ್ತಾ, ನನ್ನ ಕಡೆ ನೋಡದೆ. "ನಾನೂ ನೋಡ್ತಾ ಕುಂತಿದ್ನಲ್ಲೇ. ನಗ್ತಾ ಕುಂತಿದ್ದೆ. ನಿಮ್ಮಣ್ಣ ಕೇಳ್ದಾಗ ನೀನೊಬ್ಳೇ ತಲಿ ಮ್ಯಾಲೆ ಹೊತ್ಕಂಡೆ." ನಾನು, "ಇವರಿಗೆ ಹೇಳಬ್ಯಾಡ್ರಿ ಅತ್ತೆ" ಅಂದೆ. "ನನ್ ಮಗನಿಗ್ಯಾಕೆ ಹೇಳ್ಲಿ" ಅಂದರು. ರಾಟೆ ನಿಲ್ಲಿಸಲಿಲ್ಲ.

ಈ ಮನೆಗೆ ಬಂದು ಏಳು ವರ್ಷದಲ್ಲಿ ಅತ್ತೆ ಮೇಲೆ ಪ್ರೀತಿ ಬಂದಿದ್ದು ಇವತ್ತೇ ಇರಬೇಕು.

15 ಏಪ್ರಿಲ್, ಭಾನುವಾರ. ಸಂಜೆ 5

ಅಣ್ಣ ಬಂದಿದ್ದ. ಹೇಳದೆ ಕೇಳದೆ, ಹತ್ತೂವರೆ ಬಸ್ಸಿಗೆ. ಇವರು ರಾಂಪುರಕ್ಕೆ ಹೋಗಿದ್ದರು. ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಕೂತ.

"ದಿನಾ ಒಂಬತ್ತಕ್ಕೆ ಯಾಕೆ ಹೊಡೀತೀಯ ವನಜಾ? ಅವ್ವ ಹೋಗಿ ಎರಡು ತಿಂಗಳಾತು. ರೇಣುಕಾ ಹೆದರ್ಕಂತಾಳೆ. ನನಗೆ ಮಿಲ್‌ನಾಗೆ ಕೆಲಸ ಸಾಗವಲ್ದು."

ನನಗೆ ಗೊತ್ತೇ ಇರಲಿಲ್ಲ. ಒಂಬತ್ತಕ್ಕೆ ನಾನು ಗುಂಡಿಯಲ್ಲಿ, ಮಗ್ಗದ ಸದ್ದಿನಲ್ಲಿ. ಆದರೂ "ತಪ್ಪಾತು ಅಣ್ಣ, ಇನ್ನ ಮ್ಯಾಲೆ ಹೊಡಿಯಲ್ಲ" ಅಂದೆ.

ದಿವ್ಯಾ ಅವನ ಮೊಣಕಾಲಿಗೆ ಒರಗಿ ನಿಂತಿದ್ದಳು. ಮಾಮ ಬಂದರೆ ಅವಳಿಗೆ ಹಬ್ಬ. "ನಾನೇ ಮಾಮ ಹೊಡಿಯೋದು!" ಅಂದಳು. "ಅಜ್ಜಿ ನನಗೆ ಹೊಡಿಯಲ್ಲ ಈಗ. ಅದಕ್ಕೆ ನಾನೇ ಹೊಡೀತೀನಿ." ಮೊಬೈಲ್ ತಂದು ತೋರಿಸಿಯೂ ಬಿಟ್ಟಳು. ಅಜ್ಜಿ ರಿಂಗ್ ಕೊಟ್ಟರೆ ಕೆಂಪು. ಆಮೇಲೆ ಎರಡು. ಆಮೇಲೆ ಒಂದೇ ರಿಂಗ್, ಮತ್ತೆ ಕೆಂಪು. "ಒಂದಿನ ಅಜ್ಜಿ ರಾಶಿ ಸಲ ಕೊಟ್ಟಿತ್ತು. ನಾನೂ ಕೊಟ್ಟೆ."

ಅವಳ ಬಾಯಿ ಮುಚ್ಚಬೇಕು ಅಂದುಕೊಂಡೆ, ಎದ್ದೇಳಲು ಆಗಲಿಲ್ಲ. ಅತ್ತೆಯ ರಾಟೆ ನಿಂತಿತ್ತು.

ಅಣ್ಣ ಅವಳ ಬೆರಳನ್ನೇ ನೋಡುತ್ತಿದ್ದ. ಆಮೇಲೆ ಲೋಟ ಕೆಳಗಿಟ್ಟು ಅವಳ ತಲೆ ಮೇಲೆ ಕೈ ಇಟ್ಟ.

"ಜಾಣೆ ಕಣವ್ವ ನೀನು" ಅಂದ. "ಭಾಳ ಜಾಣೆ."

ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಊಟ ಮಾಡಿದ. ನಾನು ಬಡಿಸಿದ್ದನ್ನ ಎರಡು ತಿಂಗಳ ಮೇಲೆ ತಿಂದ. ಬಸ್ ಸ್ಟ್ಯಾಂಡ್ ತನಕ ನಾನೂ ಹೋದೆ. ಬಸ್ಸು ಹತ್ತುವ ಮುಂಚೆ ಹೇಳಿದ, "ಫೋನ್ ಮನೇಲಿ ಬಿಟ್ಟು ಹೋಗ್ತಿದ್ದೋನು ನಾನು. ಒಂದೇ ನಂಬರ್ ಕಲಿಸಿದ್ದೋನೂ ನಾನೇ. ನನ್ನ ನೀನು ಏನೂ ಅನ್ನಲಿಲ್ಲ... ಊರೋರು ನಿನ್ನ ಅಂದ್ಕಂಡಿದ್ದು ಹಂಗೇ ಇರ್ಲಿ ಅಂತೀಯ?"

"ಇರ್ಲಿ ಅಣ್ಣ."

"ಕೂಸಿಗೆ ಯಾವತ್ತೂ ಗೊತ್ತಾಗಬಾರ್ದು. ದೊಡ್ಡೋಳಾದ ಮ್ಯಾಲೂ."

"ಗೊತ್ತಾಗಲ್ಲ" ಅಂದೆ. ಅತ್ತೆ ಹೇಳಲ್ಲ. ಅಣ್ಣ ಹೇಳಲ್ಲ. ನಾನಂತೂ ಹೇಳಲ್ಲ.

ಅದೇ ದಿನ, 6.10

ಒಲೆ ಹಚ್ಚಿ ಅನ್ನಕ್ಕೆ ಇಟ್ಟಿದ್ದೀನಿ. ದಿವ್ಯಾ ಪಕ್ಕದಲ್ಲೇ ಕೂತಿದ್ದಾಳೆ. ಈ ತಿಂಗಳು ಸೇರಿಸಿದ ಅಂಗನವಾಡಿಯಲ್ಲಿ ಅ, ಆ ಮುಗಿದಿದೆಯಂತೆ. ನಾನು ಬರೆಯೋದನ್ನ ನೋಡಿ ಅಕ್ಷರ ಹುಡುಕುತ್ತಿದ್ದಾಳೆ. ಅವ್ವ ಅಂತ ಬರೆದ ಕಡೆಯಲ್ಲೆಲ್ಲ ಬೆರಳಿಟ್ಟು, "ಇದು ಅ" ಅಂದಳು. ಇನ್ನೊಂದು ವರ್ಷಕ್ಕೆ ಎಲ್ಲ ಓದ್ತಾಳೆ.

ಉರಿ ಚೆನ್ನಾಗಿ ಹತ್ತಿದೆ. ಮೊದಲನೇ ಪುಟದಿಂದ ಒಂದೊಂದಾಗಿ ಹರಿದು ಒಲೆಗೆ ಹಾಕ್ತೀನಿ.