ಪರದೆಯ ಮೇಲಿನ ಕರು

ಕಮಾಂಚಿ ಕೌಂಟಿ, ಟೆಕ್ಸಸ್
ಸೆಪ್ಟೆಂಬರ್ 16, ಮಂಗಳವಾರ

ಪ್ರೀತಿಯ ಜೀನೆಲ್,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. "ಅಕ್ಕನಿಗೆ ಕೊಬ್ಬು, ಫೋನೇ ಎತ್ತಲ್ಲ" ಎಂದು ಈ ಕಾಗದ ಸೇರುವಷ್ಟರಲ್ಲಿ ನೀನು ಆಮರಿಲ್ಲೊ ಊರು ತುಂಬ ಹೇಳಿಕೊಂಡು ಓಡಾಡುತ್ತಿರುತ್ತೀಯ, ಗೊತ್ತು. ಬೈಕೊ, ಆದರೆ ಮೊದಲು ಕೇಳು. ನನ್ನ ಮೊಬೈಲು ದನದ ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಅಡುಗೆಮನೆಯ ಗೋಡೆಯಲ್ಲಿ ಹಳೆಯ ಫೋನು ಇದೆ ನಿಜ, ಅದರ ಪಕ್ಕದಲ್ಲೇ ಆರ್ವಿಲ್‌ನ ಕುರ್ಚಿಯೂ ಇದೆ. ಈಗೀಗ ನನ್ನ ಗಂಡನ ಕಿವಿ ಬಹಳ ಚುರುಕಾಗಿದೆ. ಅದಕ್ಕೇ ಈ ಕಾಗದ. ಓದಿದ ಮೇಲೆ ಒಲೆಗೆ ಹಾಕಿಬಿಡು.

ಬೆಂಡೆಕಾಯಿ ಈ ವರ್ಷ ಕೊಯ್ದು ಮುಗಿಯುತ್ತಿಲ್ಲ. ಹನ್ನೆರಡು ಬಾಟಲಿ ಉಪ್ಪಿನಕಾಯಿ ಹಾಕಿದ್ದೇನೆ, ಬಂದಾಗ ಒಯ್ಯುವೆಯಂತೆ. ಪೆಕಾನ್ ಮರಕ್ಕೆ ಹುಳ ಬಿದ್ದಿದೆ. ಕಡಲೆಕಾಯಿ ಕಾಳು ಕಟ್ಟುತ್ತಿದೆ, ಇನ್ನು ಮೂರು ವಾರಕ್ಕೆ ಕೀಳಬಹುದು, ಕಾಡುಹಂದಿಗಳು ಉಳಿಸಿದರೆ.

ಆರ್ವಿಲ್‌ನ ಕಣ್ಣು ಹೋಗುತ್ತಿದೆ, ಜೀನೆಲ್. ಯಾರಿಗೂ ಹೇಳಕೂಡದೆಂದು ಬೈಬಲ್ ಮೇಲೆ ನನ್ನ ಕೈ ಇಡಿಸಿದ್ದಾನೆ. ಆ ಭಾಷೆಯನ್ನು ಈಗ ಮುರಿದೆ. ಕಣ್ಣಿನ ನಡುಭಾಗ ಒಣಗುತ್ತಿದೆ, ಅಂಚಿನ ನೋಟ ಮಾತ್ರ ಉಳಿಯುತ್ತದೆ, ಇದಕ್ಕೆ ಮದ್ದಿಲ್ಲ ಎಂದು ಚಳಿಗಾಲದಲ್ಲೇ ಡಾಕ್ಟರು ಹೇಳಿದರು. ಅವತ್ತು ಮನೆಗೆ ಬಂದು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ನಿನ್ನ ಎರಡು ಕಿವೀನೂ ಚೆನ್ನಾಗ್ ಕಾಣ್ತವೆ ಕಣೇ, ಮೂಗೆಲ್ಲಿ ಬಿಟ್ಟು ಬಂದೆ?" ಎಂದ. ನಾನು ನಕ್ಕೆ. ಅವನೂ ನಕ್ಕ. ಆಮೇಲೆ ಕೊಟ್ಟಿಗೆಗೆ ಹೋದವನು ಊಟದ ಹೊತ್ತಿಗೂ ಬರಲಿಲ್ಲ.

ಅವನ ಬದುಕೆಲ್ಲ ಆ ಕೋವಿಯಲ್ಲೇ ಇರುವುದು ನಿನಗೆ ಗೊತ್ತು. ಈ ಸುತ್ತಿನಲ್ಲಿ ಯಾರ ಹೊಲಕ್ಕೆ ಕಾಡುಹಂದಿ ನುಗ್ಗಿದರೂ ಮೊದಲು ಕರೆಯುವುದು ಅವನನ್ನು. ಕತ್ತಲಾದ ಮೇಲೆ ತಮ್ಮದೇ ಹೊಲಕ್ಕೆ ಕಾಲಿಡುವವರೂ ಆರ್ವಿಲ್‌ಗೆ ಒಂದು ಫೋನು ಮಾಡಿಯೇ ಇಳಿಯಬೇಕು, ಇದು ನಮ್ಮ ಕಡೆಯ ಕಟ್ಟಳೆ. ಚಳಿಗಾಲದಿಂದೀಚೆಗೆ ಆ ಫೋನುಗಳು ನನ್ನ ಮೊಬೈಲಿಗೇ ಬರುತ್ತಿದ್ದವು. ಅವನಿಗೆ ಅಂಕಿಗಳು ಕಾಣುವುದಿಲ್ಲವೆಂದು ನಾನು ಹೇಳುವುದು ಹೇಗೆ? "ಅವನ ಫೋನು ಕೆಟ್ಟಿದೆ" ಎಂದು ಹೇಳಿಕೊಂಡು ಬಂದೆ.

ಈ ವರ್ಷ ಹಂದಿ ಬಂದರೂ ಅವನು ಏನೋ ಒಂದು ನೆಪ ತೆಗೆಯುತ್ತಿದ್ದ. ಸೊಂಟ ನೋವು, ಕೋವಿಯ ಮೇಲೆ ಗುರಿ ನೋಡುವ ಹಳೆಯ ಸ್ಕೋಪು ಮಸುಕಾಗಿದೆ, ಹೀಗೆ. ಜುಲೈನಲ್ಲಿ ಒಂದು ಭಾನುವಾರ ಚರ್ಚಿನ ಊಟದ ಹೊತ್ತಿಗೆ ಪಕ್ಕದ ಹೊಲದ ಡಾಯ್ಲ್ ಎದ್ದುನಿಂತು ಚಮಚದಿಂದ ಲೋಟ ಬಡಿದ.

"ಆರ್ವಿಲ್, ಆ ನಿನ್ನ ಹಳೇ ಸ್ಕೋಪನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡು ಮಾರಾಯ. ನಾವೆಲ್ಲ ಸೇರಿ ರಾತ್ರಿ ಕಾಣೋ ಡಿಜಿಟಲ್ ಸ್ಕೋಪು ಕೊಡಿಸ್ತಿದೀವಿ. ಯಾವ್ದು ಬೇಕೋ ನೀನೇ ಆರಿಸ್ಕೊ. ಇನ್ಮೇಲೆ ನೆಪ ನಡೆಯಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಈಗಲಾದರೂ ಹೇಳಿಬಿಡುತ್ತಾನೆ ಎಂದುಕೊಂಡೆ. ಮೇಜಿನ ಕೆಳಗೆ ಅವನ ಕೈ ಹಿಡಿದೂ ಹಿಡಿದೆ. ಅವನು ಗಂಟಲು ಸರಿಮಾಡಿಕೊಂಡು, "ಆಗ್ಲಿ, ನಿಮ್ಮ ದುಡ್ಡು, ನಿಮ್ಮ ಹಂದಿ" ಎಂದ.

ಕೋವಿ ಅಂಗಡಿಗೆ ಡಾಯ್ಲ್ ಕೂಡ ಜೊತೆಗೆ ಬಂದ. ಅಂಗಡಿಯವನು ಮೊದಲು ಮೈಬಿಸಿ ತೋರಿಸುವ ಸ್ಕೋಪು ಕೊಟ್ಟು, ದೀಪ ಆರಿಸಿದ ಉಗ್ರಾಣದ ಕಡೆಗೆ ಹಿಡಿಸಿದ. "ಏನ್ ಕಾಣ್ತಿದೆ ಹೇಳಿ ಸಾರ್" ಎಂದ. ಗುರಿಯ ಗೀಟುಗಳು ಕೂಡುವ ಜಾಗದಲ್ಲೇ ಆರ್ವಿಲ್‌ಗೆ ಬರೀ ಬೂದು. ಅವನ ಕತ್ತು ಬೆವರುತ್ತಿತ್ತು. ನಾನು ನಡುವೆ ಬಾಯಿ ಹಾಕಿ, "ಕೊಡು, ನಾನೂ ನೋಡ್ತೀನಿ" ಎಂದು ಕಸಿದುಕೊಂಡೆ. ಒಂದು ಬಿಳಿ ಮುದ್ದೆ ಕಂಡಿತು. ಅದು ಅಂಗಡಿಯ ನಾಯಿ ಎಂದರು, ಹಂದಿ ಎಂದಿದ್ದರೂ ನಂಬುತ್ತಿದ್ದೆ.

ಆಮೇಲೆ ಡಿಜಿಟಲ್ಲು ಬಂತು. ಅದಕ್ಕೆ ಕಣ್ಣಿಗೆ ಕಾಣದ ಬೆಳಕು ಚೆಲ್ಲುವ ಒಂದು ಟಾರ್ಚು. ಚಿತ್ರ ಹಳೆಯ ಕಪ್ಪುಬಿಳುಪು ಟೀವಿಯಂತೆ, ನಾಯಿಯ ಕಿವಿ, ಬಾಲ, ಕೊರಳಪಟ್ಟಿ ಎಲ್ಲ ಬಿಡಿಬಿಡಿಯಾಗಿ ಕಂಡವು. "ಇನ್ನೊಂದಿದೆ ಸಾರ್, ಇದರ ಚಿತ್ರ ಫೋನಿಗೂ ಬರುತ್ತೆ. ನೀವು ಹೊಡೆಯೋದನ್ನ ಮೊಮ್ಮಕ್ಕಳು ಕೂತು ನೋಡ್ಬಹುದು" ಎಂದ ಅಂಗಡಿಯವನು.

ಆರ್ವಿಲ್ ತಲೆ ಎತ್ತಿದ. ಮದುವೆಯ ದಿನವೂ ಅವನ ಮುಖ ಹಾಗೆ ಅರಳಿರಲಿಲ್ಲ. "ಇದೇ ಸಾಕು" ಎಂದ. "ಇನ್ನೂ ನಾಲ್ಕು ನೋಡೋ, ದುಡ್ಡು ನಮ್ದಲ್ವಾ" ಎಂದು ಡಾಯ್ಲ್ ಕಿಚಾಯಿಸಿದರೂ ಕೇಳಲಿಲ್ಲ. ಡಾಯ್ಲ್‌ನನ್ನು ಅವನ ಮನೆಗೆ ಇಳಿಸಿದ ಮೇಲೆ ಟ್ರಕ್ಕು ಓಡಿಸುತ್ತಿದ್ದ ನನ್ನ ಮೊಣಕಾಲು ತಟ್ಟಿ ಆರ್ವಿಲ್ ಹೇಳಿದ: "ನೀನು ನೋಡು ನೆಲ್ಡಾ, ನಾನು ಹೊಡೀತೀನಿ. ಕಣ್ಣು ನಿಂದು, ಬೆರಳು ನಂದು. ಅರ್ಧ ಆಯಸ್ಸು ಹಾಗೇ ತಾನೆ ಬದುಕಿದ್ದು?"

ಬೇಡ ಎನ್ನಬೇಕಾಗಿತ್ತು. ಅವನ ಸಂತೋಷ ನೋಡಿ, ಅವತ್ತೇ ಸ್ಕೋಪಿನ ಚಿತ್ರ ನನ್ನ ಮೊಬೈಲಿಗೆ ಬರುವಂತೆ ಮಾಡಿಕೊಂಡೆ.

ಆಗಸ್ಟಿನಿಂದ ನನ್ನ ರಾತ್ರಿಗಳೆಲ್ಲ ಟ್ರಕ್ಕಿನಲ್ಲೇ. ಕಿಟಕಿಯ ಮೇಲೆ ಮರಳಿನ ಚೀಲ, ಅದರ ಮೇಲೆ ಕೋವಿ, ನನ್ನ ತೊಡೆಯ ಮೇಲೆ ಫೋನು. "ಎಡಕ್ಕೆ, ಇನ್ನೂ ಕೂದಲಷ್ಟು, ಕೆಳಗೆ, ಈಗ" ಎಂದು ಅವನಿಗೆ ಹೇಳುತ್ತಿರುತ್ತೇನೆ. "ಈಗ" ಎಂದರೆ ಒಂದು ಜೀವ ಹೋಯಿತು. ಹಂದಿಯೇ ಇರಲಿ, ಅದನ್ನು ಕೊಲ್ಲುತ್ತಿರುವುದು ನಾನು ಎಂದು ಮೊದಲ ರಾತ್ರಿಯೇ ತಿಳಿಯಿತು. ಊರಿಗೆ ಊರೇ ಅವನನ್ನು ಹೊಗಳುತ್ತಿದೆ. ಅವನು ಗಡ್ಡ ಹೆರೆಯುವಾಗ ಸಿಳ್ಳೆ ಹಾಕುತ್ತಾನೆ. ಕರೆದವರಿಗೆಲ್ಲ ಬರುತ್ತೇನೆ ಎನ್ನುತ್ತಾನೆ, ನನ್ನನ್ನು ಒಂದು ಮಾತೂ ಕೇಳುವುದಿಲ್ಲ. ಡಾಯ್ಲ್ ಕಟ್ಟಿರುವ ಹಂದಿ ಬೋನಿನ ಬಾಗಿಲು ಒಳಮುಖವಾಗಿ ಮಾತ್ರ ತೆರೆಯುತ್ತದೆ, ಒಳಗೆ ಸಿಕ್ಕಿದ್ದು ಬೇಲಿಯ ಸುತ್ತ ಸುತ್ತುತ್ತಲೇ ಇರುತ್ತದೆ. ಈಚೆಗೆ ಅದನ್ನು ನೋಡಲು ನನಗೆ ಆಗುವುದಿಲ್ಲ. ನಿಜ ಹೇಳಿದರೆ ಅವನು ಕುರ್ಚಿ ಹಿಡಿದು ಸಾಯುತ್ತಾನೆ. ಹೇಳದಿದ್ದರೆ ಒಂದು ದಿನ ನನ್ನ ಬಾಯಿಂದ ತಪ್ಪು "ಈಗ" ಬರುತ್ತದೆ.

ಎರಡು ವಾರದ ಕೆಳಗೆ ಡಾಯ್ಲ್‌ನ ಹೊಲದಲ್ಲಿ ಕೂತಿದ್ದೆವು. ಹೊಲಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ದೊಡ್ಡ ಗಾಲಿಯ ಹತ್ತಿರ, ಕೆಸರಿನಲ್ಲಿ ಏನೋ ತಲೆ ತಗ್ಗಿಸಿ ಕೆದರುತ್ತಿತ್ತು. ಗುರಿ ಕೂತಿತು. ಕೊನೆಯ ಗಳಿಗೆಯಲ್ಲಿ ನಾನು "ಬೇಡ!" ಎಂದೆ.

"ಯಾಕೆ? ಏನದು?" ಎಂದ ಆರ್ವಿಲ್.

"ಕರು" ಎಂದೆ. "ಡಾಯ್ಲ್‌ದು."

ಅವನು ಬೆರಳು ತೆಗೆದು ನಿಟ್ಟುಸಿರು ಬಿಟ್ಟ. "ದೇವರು ದೊಡ್ಡವನು. ಒಂದು ಕರು ಉಳೀತು ನೋಡು" ಎಂದು ನನ್ನ ಕೆನ್ನೆ ಹುಡುಕಿ ಮುತ್ತು ಕೊಟ್ಟ.

ಸುಮ್ಮನಿರುವ ಜಾಯಮಾನವೇ ಅಲ್ಲ ಅವನದು. ಮೊನ್ನೆ ಭಾನುವಾರ ಚರ್ಚಿನ ಊಟದಲ್ಲಿ ಎಲ್ಲರ ಮುಂದೆ ಶುರುಮಾಡಿದ: "ಡಾಯ್ಲ್, ನಂಗೊಂದು ಹೋಳು ಪೆಕಾನ್ ಪೈ ಜಾಸ್ತಿ ಹಾಕ್ಸು. ನಿನ್ನ ಕರು ಉಳ್ಸಿದೀನಿ. ಎಂಥಾ ಸ್ಕೋಪು ಕೊಡ್ಸಿದೀರಪ್ಪ, ಕಿವಿಯ ಬಿಲ್ಲೆ ನಂಬರೂ ಕಾಣ್ತಿತ್ತು!"

"ಆ ಹೊಲದಲ್ಲಿ ನನ್ನ ಕರು ಎಲ್ಲಿ ಬಂತೋ? ಎಲ್ಲಾನೂ ಆಚೆ ಬೇಲಿಗೆ ಹೊಡೆದು ತಿಂಗಳಾಯ್ತಲ್ಲ" ಎಂದ ಡಾಯ್ಲ್.

"ಹಂಗಾದ್ರೆ ಬೇಲಿ ನೋಡ್ಕೊ ಮೊದ್ಲು!" ಎಂದ ಆರ್ವಿಲ್. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಲ್ಲರ ಲೋಟಕ್ಕೂ ತಣ್ಣನೆ ಚಹಾ ಬಗ್ಗಿಸುತ್ತ ಓಡಾಡಿದೆ.

ಹಾಳೆ ಮುಗಿಯುತ್ತಾ ಬಂತು. ಮಕ್ಕಳಿಗೆ ನನ್ನ ಮುತ್ತುಗಳು. ನಿನ್ನ ಮಂಡಿನೋವಿಗೆ ಬೆಚ್ಚಗಿನ ಎಣ್ಣೆ ಹಚ್ಚು, ಮೆಟ್ಟಿಲು ಹತ್ತಬೇಡ. ನಿನ್ನ ಮನೆಯ ದೀಪಗಳನ್ನೂ ನಿನ್ನ ಕಣ್ಣುಗಳನ್ನೂ ದೇವರು ಕಾಪಾಡಲಿ.

ನಿನ್ನ ಅಕ್ಕ,
ನೆಲ್ಡಾ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಅದು ಕರುವಲ್ಲ, ಜೀನೆಲ್. ಡಾಯ್ಲ್. ಹೂತುಹೋದ ಗಾಲಿಯ ಕೆಸರು ತೆಗೆಯಲು ಮಂಡಿಯೂರಿ ಬಗ್ಗಿದ್ದ, ನಮಗೆ ಬೆನ್ನು ಹಾಕಿ. "ಎಡಕ್ಕೆ, ಇನ್ನೂ, ಸರಿ" ಎಂದು ನಾನೇ ಅವನ ಬೆನ್ನಿಗೆ ಗುರಿ ಕೂರಿಸಿದೆ. ಆಮೇಲೆ ಅವನು ಸ್ವಲ್ಪ ಮೇಲೆದ್ದ. ಪ್ಯಾಂಟನ್ನು ಹೆಗಲಿಗೆ ತಗುಲಿಸುವ ಪಟ್ಟಿಗಳು ಬೆನ್ನ ಮೇಲೆ ಒಂದನ್ನೊಂದು ದಾಟುವುದು ಕಂಡಿತು. ಗುರಿಯ ಗೀಟುಗಳು ಅಲ್ಲೇ ಇದ್ದವು.

ಅವನು ಕಟ್ಟಳೆ ತಪ್ಪಿರಲಿಲ್ಲ. ಹೊಲಕ್ಕೆ ಇಳಿಯುವ ಮೊದಲು ನನಗೆ ಫೋನು ಮಾಡಿದ್ದ. ಕೋವಿ ಗುರಿ ಹಿಡಿದಿರುವಾಗ ಸದ್ದು ಬೇಡವೆಂದು ಫೋನಿನ ಗಂಟೆ ನಿಲ್ಲಿಸಿಟ್ಟಿದ್ದೆ. ಅವನ ಹೆಸರು ಪರದೆಯ ಮೇಲೆ ಬಂತು, ಚಿತ್ರಕ್ಕೆ ಅಡ್ಡವಾಗಿ. ಅಷ್ಟರಲ್ಲಿ ಹಂದಿ ಬಂದರೆ ತಪ್ಪಿಸಿಕೊಂಡೀತೆಂದು ಅದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದೆ.

ಭಾನುವಾರ ಪಾತ್ರೆ ತೊಳೆಯುವಾಗ ಡಾಯ್ಲ್ ಮೆಲ್ಲಗೆ ಬಂದು ಕೇಳಿದ, "ನೆಲ್ಡಾ, ಆ ಕರು ಎಲ್ಲಿ ನಿಂತಿತ್ತು?" ಗಾಲಿಯ ಹತ್ತಿರ ಎಂದೆ. ಅವನ ಕೈ ತಾನಾಗಿಯೇ ಹೆಗಲ ಪಟ್ಟಿಗೆ ಹೋಯಿತು. "ಅವನ ಕಣ್ಣು..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿ, ಒದ್ದೆ ತಟ್ಟೆಯೊಂದನ್ನು ಒರೆಸಿಟ್ಟು ಹೋದ. ಅವನೂ ಬಾಯಿ ಬಿಡುವುದಿಲ್ಲ, ಗೆಳೆಯನಲ್ಲವೇ.

ಮೊಬೈಲು ತೊಟ್ಟಿಗೆ ಬೀಳಲಿಲ್ಲ. ನಿನ್ನೆ ಬೆಳಿಗ್ಗೆ ನಾನೇ ಮುಳುಗಿಸಿ ಹಿಡಿದೆ, ಬೆಳಕು ಆರುವವರೆಗೆ. ಇನ್ನು ಮುಗಿಯಿತು ಎಂದುಕೊಂಡು ಹಗುರವಾಗಿ ಮನೆಗೆ ಬಂದು, ಮೊಬೈಲು ತೊಟ್ಟಿಗೆ ಬಿತ್ತೆಂದು ಆರ್ವಿಲ್‌ಗೆ ಹೇಳಿದೆ. ಅವನು ನನ್ನ ಕಿವಿಯ ಕಡೆಗೆ ನೋಡಿ ನಕ್ಕ.

"ಅಷ್ಟಕ್ಕೆ ಯಾಕೆ ಸಪ್ಪಗಾಗ್ತೀಯ? ಶನಿವಾರ ಪಟ್ಟಣಕ್ಕೆ ಹೋಗೋಣ. ಈ ಸಲ ದೊಡ್ಡ ಪರದೆಯ ಫೋನೇ ತಗೊಳ್ಳೋಣ. ನಿನ್ನ ಕಣ್ಣಿಗೂ ವಯಸ್ಸಾಯ್ತಲ್ಲೇ."

ಶನಿವಾರದೊಳಗೆ ಬಾ, ಜೀನೆಲ್.