ಸತ್ತ ದೀಪದವನು ಮತ್ತೆ ಬಂದ

ನವೆಂಬರ್ ೧೨, ರಾತ್ರಿ.

ನನ್ನ ಹೊಸ ಕಾದಂಬರಿಯನ್ನು ಬೆರಳಚ್ಚು ಮಾಡುತ್ತಿದ್ದ ಮಗಳು ಮಧ್ಯಾಹ್ನ ಕೈ ನಿಲ್ಲಿಸಿದಳು.

“ಅಮ್ಮಾ, ಅರಮನೇಲಿ ದೀಪ ಹಚ್ಚೋ ಮುದುಕನಿಗೆ ಹಳೇ ಕಾದಂಬರೀಲೇ ವಿಷ ಹಾಕಿ ಕೊಂದಿದ್ಯಲ್ಲ. ಇಲ್ಲಿ ಬಂದು ಸಾಕ್ಷಿ ಹೇಳ್ತಿದಾನೆ.”

ವರ್ಷಕ್ಕೆ ಎರಡರಂತೆ ರಾಜರ ಕಾಲದ ಕೊಲೆಗಳನ್ನು ಬರೆದ ನನಗೆ ಹೆಣದ ಲೆಕ್ಕ ತಪ್ಪಿದ್ದು ಇದೇ ಮೊದಲು. ಅವನ ಸಾಲುಗಳನ್ನು ಹೊಡೆದುಹಾಕು ಎಂದೆ. ಅವಳು ಆ ಪುಟವನ್ನು ಮತ್ತೊಮ್ಮೆ ಓದಿದಳು.

“ಒಳಗೆ ಬರೋ ಮುಂಚೆ ಗಂಟಲು ಸರಿ ಮಾಡ್ಕೋತಾನೆ. ಅಪ್ಪನ ಹಾಗೇ. ಇರ್ಲಿ ಬಿಡಮ್ಮ.”

ನಮ್ಮವರು ತೀರಿಕೊಂಡ ವರ್ಷವೇ ಆ ಮುದುಕನನ್ನು ಕೊಂದಿದ್ದೆ. ಯಾಕೆಂದು ಆಗ ಹೊಳೆದಿರಲಿಲ್ಲ.

ಕಣ್ಣು ಎಳೆಯುತ್ತಿದೆ. ಹಜಾರದ ಕತ್ತಲು ಅರಮನೆಯಷ್ಟು ಉದ್ದವಾಗಿದೆ. ಅದರ ತುದಿಯಲ್ಲಿ ದೀಪವೊಂದು ಹತ್ತಿಕೊಂಡಂತಿದೆ. ಮುದುಕ ಕಾದಂಬರಿಯಲ್ಲಿ ಇರಲಿ, ಓದುಗರು ಬೈದರೆ ಬೈಯಲಿ. ಈಗ ಯಾರೋ ಗಂಟಲು ಸರಿಮಾಡಿಕೊಂಡರು. ಬಾಗಿಲು ತೆರೆದೇ ಇದೆ, ಬನ್ನಿ