ಮುಚ್ಚಳದ ಮೇಲಿನ ಮೂರು ಗೆರೆ

ತರೀಕೆರೆ ಬಸ್ ಸ್ಟ್ಯಾಂಡ್
ಕಾರ್ತಿಕ ಸೋಮವಾರ, ೧೨-೧೧-೧೯೮೪

ತಮ್ಮಯ್ಯನಿಗೆ,

ವಾಡಿಕೆಯಂತೆ ಮೊದಲ ಸಾಲಿನಲ್ಲಿ ಆಶೀರ್ವಾದ ಬರೆದೆ, ಆಮೇಲೆ ಹೊಡೆದುಹಾಕಿದೆ. ಮೇಲೆ ಶಾಯಿ ಮೆತ್ತಿಕೊಂಡಿರುವುದು ಅದೇ. ಐದು ವರ್ಷದಲ್ಲಿ ಒಂದು ಕಾರ್ಡೂ ಹಾಕದವನು ಇವತ್ತೇನು ಬರೆಯುತ್ತಾನೆ ಎಂದು ಹರಿದೆಸೆಯಬೇಡ. ತೀರ್ಥಮ್ಮನವರನ್ನು ಕೊಂದದ್ದು ನಿನ್ನ ಕಾಲಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಜಯದೇವಪ್ಪನವರ ಡ್ರೈವರಾಗಿ ಅವರ ಆ ಕರಿ ಕಾರನ್ನು ನೀನು ಮೊದಲ ಸಲ ನನ್ನ ಶೆಡ್ಡಿಗೆ ತಂದದ್ದು ಎಪ್ಪತ್ತೆಂಟರ ಮಳೆಗಾಲದಲ್ಲಿ. ಗಾಡಿಗೆ ಆಗಲೇ ಹದಿನೆಂಟು ವರ್ಷ. ನೀನು ಇಂಜಿನ್ ಆಫ್ ಮಾಡುವ ಮೊದಲೇ ನಾನು ಒಳಗಿನಿಂದ ಕೂಗಿದ್ದೆ, "ಲೇ ತಮ್ಮಯ್ಯ, ಮೂರೇ ಸಿಲಿಂಡ್ರಲ್ಲಿ ಬಂದಿದೀಯ ಕಣೋ, ಇನ್ನೊಂದನ್ನ ಎಲ್ಲಿ ಬೀಳಿಸ್ಕೊಂಡು ಬಂದೆ?" ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಕಿವಿಗೊಟ್ಟೆ. ಕೆಲಸ ಮಾಡುವ ಸಿಲಿಂಡರಿನ ವೈರು ಕಿತ್ತರೆ ಇಂಜಿನ್ ನಡುಗುತ್ತದೆ. ಎರಡನೆಯದನ್ನು ಕಿತ್ತಾಗ ಏನೂ ಬದಲಾಗಲಿಲ್ಲ. ಪ್ಲಗ್ ಮಸಿ ಕಟ್ಟಿತ್ತು. ಹೊಸದು ಹಾಕಿದೆ, ಗಾಡಿ ಹಾಡಿಕೊಂಡು ಓಡಿತು. ಆ ಗಾಡಿಗೆ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಆಮೇಲೆ ನಾನು ಏನು ಮಾಡಿದೆ ನೆನಪಿದೆಯಾ? ರಿಪೇರಿಯಾದ ಗಾಡಿಗೆ ವಿಭೂತಿ ಹಚ್ಚದೆ ನಾನು ಕೀಲಿಕೈ ಕೊಟ್ಟವನಲ್ಲ. ಕಡೂರಿನಲ್ಲಿ ನನಗೆ ಕೆಲಸ ಕಲಿಸಿದ ಕಲ್ಲೇಶಪ್ಪನವರು ಹೇಳಿಕೊಟ್ಟದ್ದು. ಉಳಿದವರು ಬಾನೆಟ್ಟಿಗೆ ಹಚ್ಚುತ್ತಾರೆ, ಮಳೆ ಬಂದರೆ ತೊಳೆದುಹೋಗುತ್ತದೆ. ನಾನು ಒಳಗೆ, ನಾಲ್ಕು ಪ್ಲಗ್ಗಿಗೂ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳಕ್ಕೆ ಹಚ್ಚುತ್ತಿದ್ದೆ. ಇಂಜಿನ್ನಿನ ಜೀವ ಅಲ್ಲಿಂದ ತಾನೇ ಹೊರಡುವುದು? ವಿಭೂತಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಲ್ಲಿ ಎಳೆದರೆ ಗೆರೆ ಮೂರನೆಯ ವೈರಿನ ಬುಡದಿಂದ ಹಿಡಿದು ಮುಚ್ಚಳದ ಕಬ್ಬಿಣದ ಕ್ಲಿಪ್ಪಿನವರೆಗೆ ಬರುತ್ತಿತ್ತು. ಆ ದಿನ ಹಿಂದಿನ ಸೀಟಿನಲ್ಲಿದ್ದ ಜಯದೇವಪ್ಪನವರ ತಾಯಿ ತೀರ್ಥಮ್ಮನವರು ಕತ್ತು ಹೊರಗೆ ಹಾಕಿ, "ವಿಭೂತಿ ಹಚ್ಚಿದ್ಯೇನೋ ಷಣ್ಮುಖ? ಮಗ ಕಾರು ತಂದಾಗ್ಲಿಂದ ನಂಗೆ ಎದೆ ಹೊಡ್ಕೊಂತದೆ ಕಣೋ" ಎಂದರು. ಮುಂದಿನ ಸಲ ಮಠದಿಂದ ತರಿಸಿದ ವಿಭೂತಿ ಗಟ್ಟಿಯೊಂದನ್ನು ನನ್ನ ಕೈಗೇ ಇಟ್ಟರು.

ಹದಿನೈದು ದಿನಕ್ಕೆ ನೀನು ಮತ್ತೆ ಬಂದೆ. ಈ ಸಲ ಮೂರನೆಯದು. ಪ್ಲಗ್ ಬದಲಾಯಿಸಿದೆ, ಪಾಯಿಂಟ್ ಉಜ್ಜಿದೆ, ಮುಚ್ಚಳ ಬಿಚ್ಚಿ ಬಿರುಕು ಹುಡುಕಿ ಪೆಟ್ರೋಲಿನಲ್ಲಿ ಒರೆಸಿದೆ. ಸರಿಯಾಯಿತು. ವಿಭೂತಿ ಹಚ್ಚಿ ಕಳಿಸಿದೆ. ಮತ್ತೆ ಬಂದೆ. ಕಂಡೆನ್ಸರ್, ಕಾಯಿಲ್, ವೈರುಗಳು, ಒಂದೊಂದಾಗಿ ಎಲ್ಲ ಹೊಸದಾದವು. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪ್ಲಗ್ಗಿನ ತೂತಿಗೆ ಹೆಬ್ಬೆರಳಿಟ್ಟು ಒತ್ತಡ ನೋಡಿದೆ, ಬೆರಳು ಚಿಮ್ಮಿತು, ವಾಲ್ವು ಗಟ್ಟಿಯಾಗಿತ್ತು. ಮಧ್ಯಾಹ್ನದ ಬಿಸಿಲಲ್ಲಿ ನಾನು ಓಡಿಸಿದಾಗೆಲ್ಲ ಗಾಡಿ ನಾಲ್ಕರಲ್ಲೂ ಸರಿಯಾಗಿ ಹೊಡೆಯುತ್ತಿತ್ತು. ನೀನು ಬೆಳಗಿನ ಜಾವ ಲಿಂಗದಹಳ್ಳಿ ಕಡೆ ಹೊರಟರೆ ಮೂರನೆಯದು ಸತ್ತುಹೋಗುತ್ತಿತ್ತು.

ನನಗೆ ಅವಮಾನ. ಅವಮಾನವಾದರೆ ನನ್ನ ಬಾಯಿ ಹೇಗೆ ಅಂತ ನಿನಗೆ ಗೊತ್ತು. "ಗಾಡಿ ಸರಿಯಾಗೈತೆ ಕಣೋ, ಪೆಡಲ್ ಮೇಲೆ ನಿನ್ ಕಾಲು ಭಾರ" ಎಂದು ಹೋದಲ್ಲಿ ಬಂದಲ್ಲಿ ಆಡಿಕೊಂಡೆ. ನೀನೂ ನಗುತ್ತಿದ್ದೆ. ಒಂದು ಸಲ ಮಾತ್ರ ನಗದೆ ಹೇಳಿದೆ, "ಷಣ್ಮುಖಣ್ಣ, ಬೇಜಾರ್ ಮಾಡ್ಕೋಬ್ಯಾಡ. ನಿನ್ನತ್ರ ಬಂದು ಹೋದ್ಮೇಲೇನೇ ಇದು ಜಾಸ್ತಿ ಆಗೋದು ಕಣಣ್ಣ." ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಸಾಡಿ, ಬೇರೆ ಮೆಕ್ಯಾನಿಕ್ಕನ್ನು ನೋಡಿಕೋ ಹೋಗು ಎಂದೆ. ನಿಜವನ್ನು ನೀನು ಮುಖಕ್ಕೇ ಹೇಳಿದ್ದೆ ತಮ್ಮಯ್ಯ. ನಾನು ನೆಲ ಬಿಟ್ಟು ಮೇಲೆ ನೋಡಲಿಲ್ಲ.

ಎಪ್ಪತ್ತೊಂಬತ್ತರ ಆ ಭಾನುವಾರ ಮಧ್ಯಾಹ್ನ ನೀನು ಕೊನೆಯ ಸಲ ಬಂದೆ. ಮಾರನೆಯ ದಿನ ಕಾರ್ತಿಕ ಸೋಮವಾರ, ಅಮ್ಮನವರನ್ನು ಶಿವನಿ ಕಡೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಎಂದೆ. ಹೊರಡುವ ಮುಂಚೆ ಮೆಲ್ಲಗೆ, "ಅಮ್ಮೋರು ಹೇಳಿ ಕಳ್ಸವ್ರೆ, ಈ ಸಲ ದಪ್ಪಗೆ ಹಚ್ಬೇಕಂತೆ" ಎಂದೆ. ದಪ್ಪಗೇ ಹಚ್ಚಿದೆ. ಅವರು ಕೊಟ್ಟ ಗಟ್ಟಿಯಿಂದಲೇ ಹಚ್ಚಿದೆ.

ಬೆಳಗ್ಗೆ ಏನಾಯಿತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಡೆದದ್ದನ್ನು ನೀನು ಆ ದಿನ ಹೇಳಿದಾಗ ನಾನು ಕೇಳಿಯೂ ಕೇಳಲಿಲ್ಲ. ಮಂಜು ಕವಿದಿತ್ತು. ಗೇಟಿಲ್ಲದ ಆ ಕ್ರಾಸಿಂಗಿನ ಏರು ಹತ್ತುವಾಗ ಮೂರನೆಯದು ಬಿಟ್ಟಿತು, ಪಕ್ಕದ್ದನ್ನೂ ಎಳೆದುಕೊಂಡಿತು, ಗಾಡಿ ಹಳಿಯ ಮೇಲೆ ನಿಂತಿತು. ನೀನು ಸ್ಟಾರ್ಟರ್ ಎಳೆದೆ, ಎಳೆದೆ, ಆಮೇಲೆ ಇಳಿದು ಹಿಂದಿನ ಬಾಗಿಲಿಗೆ ಓಡಿದೆ. ಮಂಡಿನೋವಿನ ಮುದುಕಿ, ಕಾಲು ಹೊರಗೆ ಇಡುವಷ್ಟರಲ್ಲಿ ರೈಲು ಬಂತು. ನಿನ್ನ ಭುಜ ಮುರಿದದ್ದು ಅವರ ಕೈ ಬಿಡದೆ ಇದ್ದುದರಿಂದ.

ಪೊಲೀಸರು ನನ್ನನ್ನು ಕೇಳಿದರು. ಗಾಡಿಯಲ್ಲಿ ದೋಷವೇನೂ ಇರಲಿಲ್ಲ, ಹಿಂದಿನ ದಿನ ನಾನೇ ನೋಡಿ ಕೊಟ್ಟಿದ್ದೆ ಎಂದೆ. ಅಷ್ಟಕ್ಕೆ ಸುಮ್ಮನಾಗಿದ್ದರೆ ತಿಳಿಯದೆ ಆಡಿದ ಮಾತು ಎನ್ನಬಹುದಿತ್ತು. ಕೇಳದೆಯೇ ಇನ್ನೊಂದು ಸೇರಿಸಿದೆ: "ಡ್ರೈವರ್ ಗಾಬರಿಯಾಗಿ ಕ್ಲಚ್ ಬಿಟ್ಟಿರಬೇಕು ಸ್ವಾಮಿ." ಕೋರ್ಟಿನಲ್ಲಿ ನಿನ್ನ ವಕೀಲರು ನನ್ನನ್ನು ಗದರಿಸಿ ಕೇಳುವಾಗ ಅವರನ್ನು ತಡೆದವನು ನೀನು. "ಷಣ್ಮುಖಣ್ಣ ಸುಳ್ಳು ಹೇಳಾಕಿಲ್ಲ ಸ್ವಾಮಿ, ನಂದೇ ತಪ್ಪಿರಬೌದು" ಎಂದೆ. ಆರು ತಿಂಗಳು ಜೈಲಾಯಿತು, ಲೈಸೆನ್ಸ್ ಹೋಯಿತು. ಲಿಂಗದಹಳ್ಳಿಯಲ್ಲಿ ಹಿಟ್ಟಿನ ಗಿರಣಿಯಲ್ಲಿದ್ದೀಯಂತೆ, ಬಸ್ಸು ಕೂಡ ಹತ್ತುವುದಿಲ್ಲವಂತೆ, ಎಲ್ಲಿಗಾದರೂ ನಡೆದೇ ಹೋಗುತ್ತೀಯಂತೆ. ಇದನ್ನು ಕೇಳಿದಾಗೆಲ್ಲ ನನಗೆ ಅಯ್ಯೋ ಅನ್ನಿಸುತ್ತಿತ್ತು. ನಾಚಿಕೆ ಮಾತ್ರ ಆಗಿರಲಿಲ್ಲ.

ಜಖಂ ಆದ ಗಾಡಿ ಕಡೂರಿನ ಗುಜರಿ ಗಿಡ್ಡಪ್ಪನ ಪಾಲಾಗಿತ್ತು. ಅದರ ಡಿಸ್ಟ್ರಿಬ್ಯೂಟರ್ ಮುಚ್ಚಳ ಒಡೆಯದೆ ಉಳಿದಿತ್ತು, ಅವನು ನನಗೆ ಕೊಟ್ಟ, ನಾನು ಹಲಗೆಯ ಮೇಲೆ ಇಟ್ಟು ಮರೆತಿದ್ದೆ. ಹೋದ ಶುಕ್ರವಾರ ಅದೇ ಮಾಡಲ್ಲಿನ ಒಂದು ಗಾಡಿಗೆ ಅದನ್ನು ಕೂರಿಸಿದೆ. ಸ್ಟಾರ್ಟ್ ಮಾಡಿದರೆ ಅದೇ ಸದ್ದು. ಐದು ವರ್ಷದ ಮೇಲೆ, ಬೇರೆ ಇಂಜಿನ್ನಿನಲ್ಲಿ, ಅದೇ ಮೂರನೆಯದು. ಬಾನೆಟ್ಟಿನ ಮೇಲಿಂದ ತಲೆಗೆ ಗೋಣಿಚೀಲ ಹೊದ್ದು ಕತ್ತಲು ಮಾಡಿಕೊಂಡು ಬಗ್ಗಿ ನೋಡಿದೆ. ಮೂರನೆಯ ವೈರಿನ ಬುಡದಿಂದ ನೀಲಿ ಕಿಡಿ ಎದ್ದು, ಪ್ಲಗ್ಗಿಗೆ ಹೋಗದೆ, ಮುಚ್ಚಳದ ಮೇಲೆ ಹರಿದಾಡಿ ಕ್ಲಿಪ್ಪಿಗೆ ಇಳಿಯುತ್ತಿತ್ತು. ಬಿಚ್ಚಿ ಬೆಳಕಿಗೆ ಹಿಡಿದೆ. ಮಾಸಿದ ಬೂದಿಯ ಮೂರು ಗೆರೆ, ಅವುಗಳ ಅಡಿಯಲ್ಲಿ ಕೂದಲೆಳೆಯಷ್ಟು ಸುಟ್ಟ ಗುರುತು. ನನ್ನ ಮೂರು ಬೆರಳನ್ನು ಅದರ ಮೇಲೆ ಇಟ್ಟೆ. ಸರಿಯಾಗಿ ಕೂತವು.

ಆದರೂ ಮನಸ್ಸು ಒಪ್ಪಲಿಲ್ಲ. ಹೊಸ ಮುಚ್ಚಳ ತಂದು ವಿಭೂತಿ ಹಚ್ಚಿ, ಒಣಗಿಸಿ ಓಡಿಸಿದೆ. ಇಂಜಿನ್ ಚೆನ್ನಾಗಿ ಹೊಡೆಯಿತು. ಅದನ್ನೇ ಮಂಜಿಗೆ ಇಟ್ಟು ಬೆಳಗ್ಗೆ ಓಡಿಸಿದರೆ ಮೂರನೆಯದು ಸತ್ತಿತು. ಒರೆಸಿದೆ, ಬದುಕಿತು. ತೇವ ಹಿಡಿದ ಬೂದಿಯ ಮೇಲೆ ಕರೆಂಟು ಹರಿಯುತ್ತದೆ, ಅಷ್ಟೇ ವಿಷಯ. ಗಾಡಿ ಹೆದರಿಸಿದಷ್ಟೂ ತೀರ್ಥಮ್ಮನವರು ಹಚ್ಚಿಸಿದರು, ನಾನು ಹಚ್ಚಿದಷ್ಟೂ ಅದು ಹೆದರಿಸಿತು.

ಶನಿವಾರದಿಂದ ಒಂದು ಬಟ್ಟೆ ಹಿಡಿದು ಊರೂರು ತಿರುಗುತ್ತಿದ್ದೇನೆ. ನಾನು ವಿಭೂತಿ ಹಚ್ಚಿದ ಗಾಡಿ ಸಿಕ್ಕಿದಲ್ಲೆಲ್ಲ ಬಾನೆಟ್ ಎತ್ತಿ ಒರೆಸಿದೆ. ಜನ ನನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಾರೆ. ಒಂದೇ ಒಂದು ಉಳಿದಿದೆ. ಜಯದೇವಪ್ಪನವರ ಹೊಸ ಕಾರು. ನಿನ್ನನ್ನು ಶಪಿಸಿ ನನ್ನನ್ನು ನಂಬಿದ ಮನೆ ಅದು, ಹೋದ ವಾರವೂ ನನ್ನ ಹತ್ತಿರವೇ ಕಳಿಸಿದ್ದರು. ಅಲ್ಲಿಗೆ ಹೋದರೆ ಬರೀ ಒರೆಸಿ ಬರುವುದಕ್ಕಾಗುವುದಿಲ್ಲ, ಬಾಯಿ ಬಿಡಬೇಕು. ಅದಕ್ಕೇ ಹೆದರಿ ಎರಡು ದಿನ ಕಳೆದೆ.

ಇವತ್ತು ಸೋಮವಾರ. ಜಯದೇವಪ್ಪನವರ ಹೆಂಡತಿ ಗುರುಶಾಂತಮ್ಮ ಅತ್ತೆ ಬಿಟ್ಟುಹೋದ ಪೂಜೆಯನ್ನು ನಡೆಸುತ್ತಾರೆ, ಪ್ರತಿ ಕಾರ್ತಿಕ ಸೋಮವಾರ ಮಕ್ಕಳ ಜೊತೆ ಅದೇ ಕ್ರಾಸಿಂಗ್ ದಾಟಿ ಹೋಗುತ್ತಾರೆ. ಹೊರಡುವುದು ಒಂಬತ್ತಕ್ಕೆ. ಫೋನಿರುವುದು ಅವರ ಅಂಗಡಿಯಲ್ಲಿ, ಬಾಗಿಲು ತೆಗೆಯುವುದು ಹತ್ತಕ್ಕೆ. ಅಜ್ಜಂಪುರಕ್ಕೆ ನನ್ನ ಬಸ್ಸು ಏಳಕ್ಕೆ. ಐದು ಗಂಟೆಯಿಂದ ಇಲ್ಲಿ ಕೂತು ಬರೆಯುತ್ತಿದ್ದೇನೆ, ಎದುರಿನ ಅಂಗಡಿ ಇನ್ನೂ ಕಾಣಿಸುತ್ತಿಲ್ಲ, ಅಷ್ಟು ಮಂಜು.

ಸುಟ್ಟ ಮುಚ್ಚಳ ಚೀಲದಲ್ಲಿದೆ. ಮೊದಲು ಆ ಗಾಡಿ ಒರೆಸುತ್ತೇನೆ, ಆಮೇಲೆ ಮುಚ್ಚಳವನ್ನು ಜಯದೇವಪ್ಪನವರ ಮುಂದಿಟ್ಟು ನಿನ್ನ ಹೆಸರು ಹೇಳುತ್ತೇನೆ, ಅಲ್ಲಿಂದ ಸ್ಟೇಷನ್ನಿಗೆ ಹೋಗಿ ನನ್ನ ಹೇಳಿಕೆ ತಿದ್ದಿ ಬರೆದುಕೊಡುತ್ತೇನೆ. ನಾನು ಹೋಗುವಷ್ಟರಲ್ಲಿ ಅವರು ಹೊರಟುಹೋಗಿದ್ದರೆ ಏನು ಮಾಡುವುದೋ ಗೊತ್ತಿಲ್ಲ. ಬಸ್ಸು ಬಂತು. ಸದ್ದಿಗೆ ಕಿವಿಗೊಟ್ಟೆ, ಎಲ್ಲ ಸಿಲಿಂಡರೂ ಹೊಡೆಯುತ್ತಿವೆ.

ಹೊಡೆದುಹಾಕಿದ ಆಶೀರ್ವಾದವನ್ನು ಬೆರಳು ತಾಗಿಸದೆ ಬರೀ ಮಾತಿನಲ್ಲಿ ಇಲ್ಲಿ ಬರೆಯುತ್ತೇನೆ, ಬೇಕಾದರೆ ತೆಗೆದುಕೋ: ನಿನ್ನ ಕಾಲಿನ ಭಾರ ಇವತ್ತಿಗೆ ಇಳಿಯಲಿ.

ನಿನ್ನ
ಷಣ್ಮುಖಪ್ಪ